ಗೋಡೆಯಾಚೆಯ ಆಮೆನ್

ನಾನು ಟಿ.ವಿ. ನೋಡುವುದಿಲ್ಲ. ಈ ಮಾತು ಹೇಳುವಾಗ ನನ್ನ ಗದ್ದ ತಾನಾಗಿಯೇ ಸ್ವಲ್ಪ ಮೇಲೇಳುತ್ತದೆ ಎಂದು ನನ್ನ ಹೆಂಡತಿ ಕರುಣಾ ಹೇಳುತ್ತಾಳೆ. ಇದ್ದರೂ ಇರಬಹುದು. ಕೆಲವರಿಗೆ ಹೊಸ ಉಂಗುರ ತೋರಿಸುವ ಚಪಲ, ನನಗೆ ಟಿ.ವಿ. ಇಲ್ಲದ ಮನೆ ತೋರಿಸುವ ಚಪಲ. ಬೇರೆಯವರ ಮನೆಯಲ್ಲಿ ಟಿ.ವಿ. ಇರುವ ಮೂಲೆಯಲ್ಲಿ ನಮ್ಮಲ್ಲಿ ಕುಡಿಯುವ ನೀರಿನ ಹೂಜಿ ಇದೆ. ಬಂದ ನೆಂಟರು ಅಭ್ಯಾಸಬಲದಿಂದ ಅದನ್ನೇ ದಿಟ್ಟಿಸುತ್ತ ಸ್ವಲ್ಪ ಹೊತ್ತು ಕೂರುತ್ತಾರೆ. ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋಗುತ್ತಾರೆ.

ಹೊಸದನ್ನು ವಿರೋಧಿಸುವುದು ನಮ್ಮ ಮನೆತನಕ್ಕೆ ರಕ್ತದಲ್ಲಿ ಬಂದದ್ದು. ನನ್ನ ತಾತ ನಮ್ಮ ಕ್ರೈಸ್ತ ದೇವಾಲಯದೊಳಗೆ ಹಾರ್ಮೋನಿಯಂ ತರಬಾರದೆಂದು ಹಟ ಹಿಡಿದು, ಅದು ಬಂದ ದಿನ ಬಾಗಿಲ ಹೊರಗೆ ನಿಂತೇ ಆರಾಧನೆ ಮುಗಿಸಿದರಂತೆ. ಅಪ್ಪ ಅದೇ ಹಾರ್ಮೋನಿಯಂ ನುಡಿಸುತ್ತ, ಮನೆಗೆ ರೇಡಿಯೋ ಬಂದರೆ ಮಕ್ಕಳು ಕೆಡುತ್ತವೆ ಎನ್ನುತ್ತಿದ್ದರು. ನಾನು ರೇಡಿಯೋದಲ್ಲಿ ವಾರ್ತೆ ಕೇಳುತ್ತ ಟಿ.ವಿ.ಯನ್ನು ಬಯ್ಯುತ್ತೇನೆ. ಮೊನ್ನೆ ನಮ್ಮ ಸಭೆಯ ಯುವಕರು ಕೀಬೋರ್ಡ್ ತರಬೇಕು ಎಂದಾಗ, ತಾತನ ಕಾಲದ ಪವಿತ್ರ ಹಾರ್ಮೋನಿಯಂ ಇರುವಾಗ ಅದೇಕೆ ಎಂದು ಎದ್ದು ನಿಂತವನೂ ನಾನೇ. ತಾತ ಬಾಗಿಲಾಚೆ ನಿಂತದ್ದು ನೆನಪಾಗಿ ಮೆಲ್ಲಗೆ ಕುಳಿತುಕೊಂಡೆ. ಸಂಪ್ರದಾಯಸ್ಥ ಎಂದರೆ, ತನ್ನ ಅಪ್ಪ ಬೇಡವೆಂದದ್ದನ್ನು ಕಾಪಾಡಿಕೊಂಡು ಬರುವವನು ಎಂದು ಈಚೆಗೆ ನನಗೆ ಅನ್ನಿಸತೊಡಗಿದೆ.

ನಾನಿರುವುದು ಪಾಂಡವಪುರದಲ್ಲಿ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ. ಕ್ಯಾತನಹಳ್ಳಿಯ ಗೌಡರಿಗೆ ಕೆ.ಆರ್. ಪೇಟೆಯ ಬೀಗರನ್ನು, ನಾಗಮಂಗಲದ ತಾಯಿಗೆ ಬೊಂಬಾಯಿಯ ಮಗನನ್ನು ಜೋಡಿಸಿ ಕೊಡುವವನು. ಮನೆ ಹೆಂಚಿನ ಸಾಲುಮನೆ. ನಮ್ಮ ಮನೆಗೂ ಪಕ್ಕದ ಜಯಮ್ಮನ ಮನೆಗೂ ನಡುವೆ ಒಂದೇ ಗೋಡೆ. ಕಟ್ಟಿದವನಿಗೆ ಇಟ್ಟಿಗೆ ಸಾಲಲಿಲ್ಲವೋ, ಬೇಸರವಾಯಿತೋ, ಆ ಗೋಡೆ ಹೆಂಚಿನವರೆಗೆ ಹೋಗದೆ ಜಂತೆಯ ಕೆಳಗೇ ನಿಂತುಬಿಟ್ಟಿದೆ. ಅವರ ಮನೆಯ ಒಗ್ಗರಣೆಗೆ ನಾವು ಸೀನುತ್ತೇವೆ, ನಮ್ಮ ಮನೆಯ ಜಗಳಕ್ಕೆ ಅವರು ಕೆಮ್ಮುತ್ತಾರೆ. ಜಯಮ್ಮನ ಗಂಡ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು, ಮನೆಯಲ್ಲಿ ಕಾಣಿಸುವುದೇ ಅಪರೂಪ. ಅತ್ತೆ ಕೆಂಪಜ್ಜಿ ಕ್ಯಾತನಹಳ್ಳಿ ಕಡೆಯವಳು. ಸಾಮ್ಯುಯೆಲ್ ಎಂಬ ನನ್ನ ಹೆಸರನ್ನು ಮೊದಲನೆಯ ದಿನವೇ ಸಾಮೇಲಪ್ಪ ಎಂದು ಮಾಡಿಕೊಂಡು ನನ್ನನ್ನು ತನ್ನ ಊರಿನವನನ್ನಾಗಿ ಮಾಡಿಕೊಂಡವಳು.

ಸಂಜೆ ಏಳೂವರೆಗೆ ನಮ್ಮಲ್ಲಿ ಕುಟುಂಬ ಪ್ರಾರ್ಥನೆ. ಒಂದು ಕೀರ್ತನೆ, ಬೈಬಲಿನಿಂದ ವೇದಪಾಠ, ಆಮೇಲೆ ನನ್ನ ಪ್ರಾರ್ಥನೆ. ಮಗಳು ನಾಗಮಂಗಲಕ್ಕೆ ಮದುವೆಯಾಗಿ ಹೋದ ಮೇಲೆ ಕುಟುಂಬವೆಂದರೆ ನಾನು ಮತ್ತು ಕರುಣಾ. ಕುಟುಂಬ ಚಿಕ್ಕದಾದಷ್ಟೂ ಪ್ರಾರ್ಥನೆ ದೊಡ್ಡದಾಯಿತು. ಬೆಳಗ್ಗೆ ಪೇಪರಿನಲ್ಲಿ ಓದಿದ್ದೆಲ್ಲ ಸಂಜೆ ದೇವರ ಮುಂದೆ ಬರಬೇಕು. ಬೆಂಗಳೂರಿನಲ್ಲಿ ಜಗತ್ತಿನ ಸುಂದರಿಯರೆಲ್ಲ ಸ್ಪರ್ಧೆಗೆ ಬಂದು ಸೇರಿದಾಗ ನಾನು ಆ ಹೆಣ್ಣುಮಕ್ಕಳಿಗೆ ಮೈತುಂಬ ಬಟ್ಟೆ ಕೊಡಬೇಕೆಂದು ಕರ್ತನನ್ನು ಬೇಡಿದೆ. ಕ್ರಿಕೆಟ್ಟಿನಲ್ಲಿ ಸೋತು ಜನ ಮೈದಾನದಲ್ಲಿ ಬೆಂಕಿ ಹಚ್ಚಿದಾಗ ದೇಶಕ್ಕೆ ತಾಳ್ಮೆ ಬೇಡಿದೆ. ಪ್ರಧಾನಮಂತ್ರಿಗಳನ್ನು ಹೆಸರು ಹಿಡಿದು ಪ್ರಾರ್ಥಿಸುವುದು ನನ್ನ ಪದ್ಧತಿ. ಆದರೆ ದೆಹಲಿಯಲ್ಲಿ ಅವರು ಬಾಡಿಗೆ ಮನೆಯವರ ಹಾಗೆ ಬದಲಾಗತೊಡಗಿದ ಮೇಲೆ, ಸುಮ್ಮನೆ ತಪ್ಪು ಹೆಸರು ಹೇಳಿ ದೇವರಿಗೆ ಗೊಂದಲ ಮಾಡುವುದೇಕೆಂದು "ಈಗ ಯಾರಿದ್ದಾರೋ ಅವರು" ಎನ್ನತೊಡಗಿದೆ. "ನೀವು ಪ್ರಾರ್ಥನೆ ಮಾಡ್ತಿದ್ದೀರೋ ದೇವರಿಗೆ ಪೇಪರ್ ಓದಿ ಹೇಳ್ತಿದ್ದೀರೋ?" ಎಂದು ಕರುಣಾ ಒಮ್ಮೆ ಕೇಳಿದಳು. ಅದಕ್ಕೂ ಕ್ಷಮೆ ಬೇಡಿಬಿಟ್ಟೆ, ಅವಳ ಪರವಾಗಿ.

ಇಂಥ ಹೊತ್ತಿನಲ್ಲಿ ಪಕ್ಕದ ಮನೆಗೆ ಬಣ್ಣದ ಟಿ.ವಿ. ಬಂತು. ಅದರ ಬೆನ್ನಿಗೇ ಕೇಬಲ್ಲು. ನಾನು ಕೀರ್ತನೆಯ ಪಲ್ಲವಿ ಎತ್ತಿದರೆ ಗೋಡೆಯಾಚೆ ಯಾರೋ ನಾಯಕಿ ಮರ ಸುತ್ತಲು ಶುರುಮಾಡುವಳು. ನನ್ನ ತಾಳ ಅವಳ ತಾಳಕ್ಕೆ ಜಾರಿ, ಶೋಕದ ಕೀರ್ತನೆಯೊಂದನ್ನು ನಾವಿಬ್ಬರೂ ಕುಣಿಯುವ ಧಾಟಿಯಲ್ಲಿ ಹಾಡಿ ಮುಗಿಸಿದೆವು. ನಾಲ್ಕು ದಿನ ಸಹಿಸಿದೆ. ಹೋಗಿ ಹೇಳಲು ದಾಕ್ಷಿಣ್ಯ. ಅವರ ಮನೆ, ಅವರ ಕರೆಂಟು. ಐದನೆಯ ಸಂಜೆ ತಡೆಯಲಾರದೆ, ಪಕ್ಕದ ನಾಯಕಿಗಿಂತ ಗಟ್ಟಿಯಾದ ದನಿಯಲ್ಲಿ ಪ್ರಾರ್ಥಿಸಿದೆ: "ಸಿಂಹಗಳ ಬಾಯಿ ಮುಚ್ಚಿಸಿದ ಕರ್ತನೇ, ಆ ಪೆಟ್ಟಿಗೆಯ ಬಾಯಿಯನ್ನೂ ಮುಚ್ಚಿಸು!"

ಮರುದಿನ ಏಳೂವರೆಗೆ ಕೀರ್ತನೆಗೆ ಬಾಯಿ ತೆರೆದೆ. ಟಿ.ವಿ. ನಿಂತಿತು. ಕರೆಂಟು ಹೋಯಿತೇನೋ ಎಂದು ನೋಡಿದರೆ ನಮ್ಮ ಬಲ್ಬು ಉರಿಯುತ್ತಿದೆ. ಅದರ ಮಾರನೆಯ ದಿನವೂ ಹಾಗೇ. ನಾನು ಆಮೆನ್ ಎಂದ ಮೇಲೆಯೇ ಅದಕ್ಕೆ ಮತ್ತೆ ಜೀವ ಬರುವುದು. ನನಗೆ ಮೈ ಜುಮ್ಮೆಂದಿತು. ಜೀವಮಾನವೆಲ್ಲ ಪ್ರಾರ್ಥಿಸಿದವನು ನಾನು. ಇಷ್ಟು ಬೇಗ, ಇಷ್ಟು ಚೊಕ್ಕವಾಗಿ ಉತ್ತರ ಬಂದದ್ದು ಇದೇ ಮೊದಲು.

ಇಂಥದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ನಮ್ಮ ಸಭೆಯ ಪದ್ಧತಿಯಲ್ಲ. ಆರಾಧನೆಯ ಕೊನೆಗೆ ಸಾಕ್ಷಿ ಹೇಳುವ ಸಮಯವೆಂದು ಇರುತ್ತದೆ. ದೇವರಿಂದ ಉಪಕಾರ ಹೊಂದಿದವರು ಎದ್ದು ಎಲ್ಲರೆದುರು ಅದನ್ನು ಹೇಳಬೇಕು. ಜ್ವರ ಬಿಟ್ಟಿತು, ಮಗ ಪಾಸಾದ, ಕಳೆದ ಹಸು ಸಿಕ್ಕಿತು ಎಂದು ಇತರರು ಹೇಳುವಲ್ಲಿ ನಾನು ಎದ್ದು, ಈ ಕಡೆಯ ದಿನಗಳಲ್ಲೂ ಕರ್ತನು ಟಿ.ವಿ.ಯ ಬಾಯಿ ಮುಚ್ಚಿಸುತ್ತಾನೆಂದು ಸಾಕ್ಷಿ ಹೇಳಿದೆ. ಸಭೆ ಸ್ತೋತ್ರ ಸ್ತೋತ್ರ ಎಂದಿತು. ಹೆಂಗಸರ ಸಾಲಿನಲ್ಲಿ ಕರುಣಾ ಸೆರಗನ್ನು ಬಾಯಿಗೆ ಒತ್ತಿ ತಲೆ ತಗ್ಗಿಸಿದ್ದಳು, ಭುಜ ಅಲುಗುತ್ತಿತ್ತು. ಭಕ್ತಿಯಿಂದ ಅಳುತ್ತಿದ್ದಾಳೆಂದು ನಾನು ತಿಳಿದೆ.

ಆ ವರ್ಷದ ಕೊನೆಗೆ ಕರುಣಾಳಿಗೆ ಹೊಟ್ಟೆನೋವು ಶುರುವಾಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಗೆಡ್ಡೆ ಎಂದರು. ಎಂಥದ್ದು ಎಂದು ಕೇಳಿದರೆ, ತೆಗೆದ ಮೇಲೇ ಹೇಳಬೇಕು ಎಂದರು. ಆಪರೇಷನ್ ನಾಳೆ ಎನ್ನುವ ದಿನ ಸಂಜೆ, ಹೆಂಗಸರ ವಾರ್ಡಿನಲ್ಲಿ ಗಂಡಸರು ಇರುವಂತಿಲ್ಲವೆಂದು ಮಗಳನ್ನು ಅವಳ ಹತ್ತಿರ ಬಿಟ್ಟು ನಾನು ಬಸ್ಸು ಹತ್ತಿದೆ. ಹೊರಡುವಾಗ ಕರುಣಾ, "ಪ್ರಾರ್ಥನೆ ತಪ್ಪಿಸಬೇಡಿ" ಎಂದಳು. ಸ್ವಲ್ಪ ತಡೆದು, "ಚಿಕ್ಕದಾಗಿ ಮಾಡಿ" ಎಂದಳು.

ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಬಸ್ಸಿನಲ್ಲಿ ಯಾರೋ ಹೊಳೆಗೆ ಕಾಸು ಎಸೆದು ಕೈಮುಗಿದರು. ಬೇರೆ ದಿನವಾದರೆ ಅದರ ಮೇಲೊಂದು ಸಣ್ಣ ಉಪದೇಶ ನನ್ನ ಮನಸ್ಸಿನಲ್ಲೇ ತಯಾರಾಗುತ್ತಿತ್ತು. ಅವತ್ತು ಅವರ ಮೇಲೆ ಹೊಟ್ಟೆಕಿಚ್ಚಾಯಿತು. ಅಷ್ಟು ಸಲೀಸಾಗಿ ಕೈಮುಗಿಯಲು ಅವರಿಗೆ ಬಂತಲ್ಲ ಎಂದು.

ಮನೆಗೆ ಬಂದು ದೀಪ ಹಾಕಿ, ಏಳೂವರೆಗೆ ಚಾಪೆಯ ಮೇಲೆ ಕುಳಿತೆ. ಕೀರ್ತನೆಯ ಪುಸ್ತಕ ಬಿಡಿಸಿ, ಹಾಡದೆ ಮತ್ತೆ ಮುಚ್ಚಿಟ್ಟೆ. ಪ್ರಾರ್ಥಿಸಲು ಕಣ್ಣು ಮುಚ್ಚಿದೆ. ಪ್ರಧಾನಮಂತ್ರಿಗಳಿಗೆ ಬುದ್ಧಿ, ಸುಂದರಿಯರಿಗೆ ಬಟ್ಟೆ, ಎಲ್ಲವನ್ನೂ ನಿರರ್ಗಳವಾಗಿ ಬೇಡಿದ್ದ ನಾಲಿಗೆ ಸ್ವಂತ ಹೆಂಡತಿಯ ಹೆಸರಿನ ಹತ್ತಿರ ಬಂದು ನಿಂತುಬಿಟ್ಟಿತು. ಕೇಳಿದರೆ ದೇವರು ಇಲ್ಲ ಎಂದುಬಿಟ್ಟರೆ ಎಂಬ ಭಯ. ಹಾಗೇ ಕುಳಿತಿದ್ದೆ. ಎಷ್ಟೋ ಹೊತ್ತಿನ ಮೇಲೆ, ಗೋಡೆಯಾಚೆಯೂ ಸದ್ದಿಲ್ಲವೆಂಬುದು ಅರಿವಿಗೆ ಬಂತು. ಟಿ.ವಿ. ಇಲ್ಲ, ಪಾತ್ರೆಯ ಸದ್ದೂ ಇಲ್ಲ.

ಬಾಗಿಲು ತಟ್ಟಿದ ಸದ್ದಾಯಿತು. ಜಯಮ್ಮ, ಅವಳ ಹಿಂದೆ ಗೋಡೆ ಹಿಡಿದುಕೊಂಡು ಕೆಂಪಜ್ಜಿ.

"ಯಾಕ್ ಸಾ, ಇವತ್ತು ಪ್ರಾರ್ಥ್ನೆ ಇಲ್ವಾ? ಆಗ್ಲಿಂದ ಟೀವಿ ಆರಿಸ್ಕಂಡು ಕುಂತಿವಿ, ಹಾಡೂ ಇಲ್ಲ, ಆಮೆನ್ನೂ ಇಲ್ಲ."

"ಟಿ.ವಿ. ಯಾಕಮ್ಮ ಆರಿಸಿದ್ರಿ?" ಎಂದೆ, ಬೆಪ್ಪನ ಹಾಗೆ.

"ದಿನಾ ಆರಿಸ್ತೀವಲ್ಲ ಸಾ."

ಕೆಂಪಜ್ಜಿ ಉಸ್ಸೆಂದು ಚಾಪೆಯ ಮೇಲೆ ಕುಳಿತಳು. "ನೀನೇ ಅಲ್ವೇನಪ್ಪ ಅವತ್ತು ಕಿರುಚ್ಕಂಡಿದ್ದು, ಆ ಪೆಟ್ಗೆ ಬಾಯಿ ಮುಚ್ಸು ಅಂತವ? ಅಷ್ಟು ಸಣ್ ಕೆಲ್ಸಕ್ಕೆ ನಿಮ್ಮ ದ್ಯಾವ್ರು ಅಲ್ಲಿಂದ ಯಾಕ್ ಇಳ್ದು ಬರ್ಬೇಕು? ನಾವು ಪಕ್ದಾಗೇ ಇದೀವಿ. ಆರಿಸ್ಬುಟ್ಟೊ."

ನನ್ನ ಪವಾಡ ಕಣ್ಣೆದುರೇ ಕುಳಿತು ಎಲೆಅಡಿಕೆ ಚೀಲ ಬಿಚ್ಚುತ್ತಿತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡರಲ್ಲಿ ಅಳುವೇ ಮೊದಲು ಬಂತು. ಜಯಮ್ಮ ಗಾಬರಿಯಿಂದ ಸೆರಗು ಹಿಡಿದು ನಿಂತಳು. ಅಜ್ಜಿ ಮಾತ್ರ ಗಾಬರಿಯಾಗಲಿಲ್ಲ. "ಅಳು ಬುಡು, ಅತ್ತುಬುಡು," ಎಂದು ಅಡಿಕೆ ಕತ್ತರಿಸುತ್ತ ಕಾದಳು. ಆಮೇಲೆ ಹೇಳಿದಳು:

"ಸಾಮೇಲಪ್ಪ, ಟೀವೀಲಿ ವಾರ್ತೆ ಓದೋರ ಮಾತು ನಂಗೆ ತಿಳಿಯಾಕಿಲ್ಲ. ದೇಸದ ಸುದ್ದಿ ನಾನು ಕೇಳದು ನಿನ್ ಪ್ರಾರ್ಥ್ನೇಲೇ ಕಣಪ್ಪ. ಕಂಡಿಲ್ದೋರಿಗೆಲ್ಲ ದಿನಾ ಕೇಳ್ತೀಯಲ್ಲ, ಇವತ್ತು ನಿನ್ ಎಂಡ್ರುಗೆ ಆಯಸ್ಸು ಕೊಡು ಅಂತ ಕೇಳಕ್ಕೆ ಏನಾಗದೆ ನಿಂಗೆ? ಕೇಳು. ನಾವೂ ಕುಂತಿರ್ತೀವಿ."

ಕೇಳಿದೆ. "ಕರ್ತನೇ, ಕರುಣಾಳನ್ನು ಮನೆಗೆ ಕಳಿಸಿಕೊಡು." ಅಷ್ಟೇ. ನನ್ನ ಜೀವಮಾನದಲ್ಲೇ ಅಷ್ಟು ಚಿಕ್ಕ ಪ್ರಾರ್ಥನೆ ನಾನು ಮಾಡಿರಲಿಲ್ಲ. ಆಮೆನ್ ಎನ್ನಲು ಬಾಯಿ ತೆರೆಯುವ ಮೊದಲೇ ಅವರಿಬ್ಬರೂ ಆಮೆನ್ ಎಂದರು. ದಿನಾ ಗೋಡೆಯಾಚೆ ಕೇಳಿ ಕೇಳಿ ಬಾಯಿಪಾಠವಾಗಿತ್ತು ಅವರಿಗೆ.

ಹೋಗುವಾಗ ಜಯಮ್ಮ ಮುದ್ದೆ, ಅವರೆಕಾಳಿನ ಸಾರು ತಂದಿಟ್ಟು ಬಾಗಿಲಲ್ಲಿ ನಿಂತಳು. "ಬೇಜಾರ್ ಮಾಡ್ಕಬ್ಯಾಡಿ ಸಾ. ಗಂಜಾಂ ನಿಮಿಷಾಂಬಮ್ಮಂಗೂ ಒಂದ್ ಮಾತು ಯೋಳ್ಕಂಡಿವ್ನಿ."

ಈ ಮಾತಿಗೆ ನನ್ನಲ್ಲಿ ಬಹಳ ವರ್ಷಗಳಿಂದ ತಯಾರಿದ್ದ ಉತ್ತರವೊಂದಿದೆ. ಅದು ಸರಿಯಾದ ಉತ್ತರವೆಂದು ಇವತ್ತಿಗೂ ನಂಬಿದ್ದೇನೆ. ನನ್ನ ನಂಬಿಕೆ ಒಂದು ಕೂದಲೆಳೆಯಷ್ಟೂ ಸರಿದಿಲ್ಲ. ಆದರೆ ಕರುಣಾಳಿಗೋಸ್ಕರ ತನಗೆ ಗೊತ್ತಿದ್ದ ಬಾಗಿಲನ್ನೆಲ್ಲ ತಟ್ಟಿ ಬಂದ ಹೆಣ್ಣುಮಗಳ ಮುಂದೆ ಆ ಉತ್ತರಕ್ಕೆ ಕೆಲಸವಿರಲಿಲ್ಲ. "ನಿಮ್ಮ ಉಪಕಾರ ಮರೆಯಲ್ಲಮ್ಮ," ಎಂದೆ.

ಗೆಡ್ಡೆ ಕೆಟ್ಟದ್ದಲ್ಲವೆಂದು ತಿಳಿಯಿತು. ಕರುಣಾ ಮನೆಗೆ ಬಂದಳು. ಟಿ.ವಿ.ಯ ಕಥೆಯನ್ನು ಹೇಳಿದರೆ, ಹೊಲಿಗೆ ಬಿಚ್ಚೀತೆಂದು ಹೊಟ್ಟೆ ಒತ್ತಿಹಿಡಿದುಕೊಂಡು ನಕ್ಕಳು. ಜಯಮ್ಮ ಅವಳಿಗೆ ಮೊದಲ ದಿನವೇ ಹೇಳಿದ್ದಳಂತೆ. "ಮತ್ತೆ ನನಗ್ಯಾಕೆ ಹೇಳಲಿಲ್ಲ?" ಎಂದರೆ, "ಅಷ್ಟು ಸಂತೋಷವಾಗಿದ್ರಿ, ಯಾಕೆ ಕೆಡಿಸೋದು ಅಂತ" ಎಂದಳು. ದೇವಾಲಯದಲ್ಲಿ ಭುಜ ಅಲುಗಿದ್ದು ಯಾಕೆಂದು ಆಗ ತಿಳಿಯಿತು.

ಸಾಕ್ಷಿ ತಿದ್ದಬೇಕೇ ಎಂದು ಬಹಳ ಯೋಚಿಸಿದೆ. ತಿದ್ದುವಂಥದ್ದೇನೂ ಇರಲಿಲ್ಲ, ಸೇರಿಸುವುದಿತ್ತು. ಮುಂದಿನ ಭಾನುವಾರ ಎದ್ದು ನಿಂತು, ನಾನು ಪರಲೋಕಕ್ಕೆ ಟ್ರಂಕ್ ಕಾಲ್ ಬುಕ್ ಮಾಡಿ ಕಾದಿದ್ದೆ, ಉತ್ತರ ಲೋಕಲ್ ಕಾಲಿನಲ್ಲೇ ಬಂತು ಎಂದೆ. ಅಂದು ಸ್ತೋತ್ರ ಎನ್ನುವುದಕ್ಕಿಂತ ನಕ್ಕವರೇ ಹೆಚ್ಚು. ಹಾರ್ಮೋನಿಯಂ ಹಿಂದೆ ಕುಳಿತ ಮುದುಕರೂ ನಕ್ಕರು.

ನಾನು ಈಗಲೂ ಟಿ.ವಿ. ನೋಡುವುದಿಲ್ಲ. ಹೂಜಿ ಅದೇ ಮೂಲೆಯಲ್ಲಿದೆ. ಆದರೆ ಏಳೂವರೆಗೆ ಗೋಡೆಯಾಚೆ ಆ ಪೆಟ್ಟಿಗೆ ಮೌನವಾಗುವ ಕ್ಷಣವಿದೆಯಲ್ಲ, ಅದನ್ನು ಕೇಳಲೆಂದೇ ಕೀರ್ತನೆಗೆ ಮೊದಲು ಒಂದು ಗಳಿಗೆ ಕಾಯುತ್ತೇನೆ. ಕರುಣಾ ಬಂದ ದಿನದ ಸಂಜೆ ಬರೀ ಕೃತಜ್ಞತೆ ಹೇಳಿ ಮುಗಿಸಬೇಕೆಂದು ಕುಳಿತೆ. ಡಾಕ್ಟರಿಗಾಗಿ, ಜಯಮ್ಮನಿಗಾಗಿ, ಅಜ್ಜಿಗಾಗಿ, ಇಟ್ಟಿಗೆ ಸಾಲದೆ ಗಿಡ್ಡವಾದ ಗೋಡೆಗಾಗಿ ಸ್ತೋತ್ರ ಹೇಳಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಹಳೆಯ ಚಾಳಿ; ನಾಲಿಗೆಗೆ ಮತ್ತೆ ಜೀವ ಬಂದಿತ್ತು. ದೆಹಲಿಗೆ ಹೋದೆ, ಅಲ್ಲಿಂದ ಕ್ರಿಕೆಟ್ಟಿಗೆ, ಕೇಬಲ್ಲಿನಲ್ಲಿ ಬರುವ ಹಾಡುಗಳಿಗೆ, ಹಾಳಾಗುತ್ತಿರುವ ಯುವಜನಾಂಗಕ್ಕೆ. ಕರುಣಾ ಮೊಣಕೈಯಿಂದ ತಿವಿದಳು, ನಾನು ಬಿಡಲಿಲ್ಲ. "ಕರ್ತನೇ, ಇದಲ್ಲದೆ..." ಎನ್ನುವಷ್ಟರಲ್ಲಿ ಗೋಡೆಯ ಮೇಲಿನಿಂದ ಕೆಂಪಜ್ಜಿಯ ದನಿ ಖಡಕ್ಕಾಗಿ ಬಂತು:

"ಆಮೆನ್!"

ಅದರ ಹಿಂದೆಯೇ ಧಾರಾವಾಹಿಯ ಹಾಡು ಶುರುವಾಯಿತು.