ಮಲ್ಲಿಗಮ್ಮ ಗುಡಿಸದೆ ಬಿಟ್ಟ ಮೂಲೆ

ಹಾಸನದ ಹತ್ತಿರದ ದುದ್ದದಲ್ಲಿ ಡೈರಿಗೆ ಹೋಗುವ ದಾರಿಯ ಕೊನೆಯ ಹೆಂಚಿನ ಮನೆ ಮಲ್ಲಿಗಮ್ಮನದು. ಶಿವರಾತ್ರಿ ಕಳೆದು ಬಿಸಿಲು ಏರತೊಡಗಿತೆಂದರೆ ಆ ಮನೆಗೆ ಹುಳಹುಪ್ಪಟೆಯ ಕಾಟ ಶುರುವಾಗುತ್ತಿತ್ತು. ಹಿತ್ತಲ ಬೇವಿನ ಮರ ಹೂ ಬಿಟ್ಟರೆ ಸಾಕು, ಇರುವೆ, ಕಣಜ, ಹೆಸರೇ ಗೊತ್ತಿಲ್ಲದ ಹಾರುವ ಹುಳ, ಎಲ್ಲಕ್ಕೂ ಈ ಮನೆಯೇ ಬೇಕು. ಮೊದಲೆಲ್ಲ ಅವಳು ಅದನ್ನು ತಲೆಗೆ ಹಚ್ಚಿಕೊಂಡವಳಲ್ಲ. ಹಸು ಕರೆದು, ಡೈರಿಗೆ ಹಾಲು ಹಾಕಿ, ಕೂಲಿಗೆ ಓಡುವವಳಿಗೆ ಹುಳ ನೋಡುತ್ತ ಕೂರಲು ಪುರುಸೊತ್ತೆಲ್ಲಿ? ಈ ವರ್ಷ ಮಾತ್ರ ಹಾಗಿರಲಿಲ್ಲ. ದೀಪಾವಳಿಯ ಹೊತ್ತಿಗೆ ಗಂಡ ಬೋರಪ್ಪನಿಗೆ ಲಕ್ವ ಹೊಡೆದು, ಅವನು ಹಾಸಿಗೆ ಹಿಡಿದಿದ್ದ.

ಬೋರಪ್ಪ ಮನೆಗಳಿಗೆ ಸುಣ್ಣಬಣ್ಣ ಬಳಿಯುವವನು. ಹಾಸನದಲ್ಲಿ ಅವನು ಏಣಿ ಹಾಕದ ಬೀದಿ ಕಡಿಮೆ. ಯುಗಾದಿಯ ಹಿಂದಿನ ತಿಂಗಳಂತೂ ಅವನು ಮನೆಯಲ್ಲಿ ಕಾಣುವುದೇ ಅಪರೂಪ. ಬಂದರೆ ರೆಪ್ಪೆಯ ಮೇಲೆಲ್ಲ ಸುಣ್ಣ, ತಲೆಗೂದಲಲ್ಲಿ ಯಾರದೋ ಮನೆಯ ಜೇಡರ ಬಲೆ. ಮಾತುಗಾರ ಬೇರೆ. ಏಣಿಯ ಮೇಲಿಂದಲೇ ಮನೆಯವರ ಜೊತೆ ಮಾತು, ಅವರು ಒಳಗೆ ಹೋದರೆ ಗೋಡೆಯ ಜೊತೆ ಮಾತು. "ಬೋರಣ್ಣ ಬಂದ್ರೆ ರೇಡಿಯೋ ಬ್ಯಾಡ ಕಣ" ಎಂದು ಜನ ನಗುತ್ತಿದ್ದರು. ಅಂಥವನು ಒಂದು ಬೆಳಿಗ್ಗೆ ಅಂಗಳದಲ್ಲಿ ಬ್ರಷ್ಷು ತೊಳೆಯುತ್ತ ಕೂತಿದ್ದವನು ಹಾಗೇ ಪಕ್ಕಕ್ಕೆ ವಾಲಿದ. ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು. "ಮಾತು ವಾಪಸ್ ಬರಬೌದು ಕಣಮ್ಮ, ಮಾತಾಡಿಸ್ತಾ ಇರಿ" ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಮಾತಾಡಿಸಿದ್ದೂ ಆಯಿತು. ಚನ್ನರಾಯಪಟ್ಟಣಕ್ಕೆ ಮದುವೆಯಾಗಿ ಹೋಗಿದ್ದ ಮಗಳು ಭಾನುಪ್ರಿಯಾ ಬಂದಾಗಲೆಲ್ಲ ಅವನ ಕೆನ್ನೆ ಹಿಡಿದು, "ಅಪ್ಪ, ‘ಅವ್ವ’ ಅನ್ನು. ‘ನೀರು’ ಅನ್ನು" ಎಂದು ಮಗುವಿಗೆ ಕಲಿಸುವಂತೆ ಕಲಿಸುತ್ತಿದ್ದಳು. ಬೋರಪ್ಪ ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದ. ಅವನಿಗೆ ನಾಚಿಕೆಯಾಗುತ್ತದೆ ಎಂದು ಮಲ್ಲಿಗಮ್ಮನಿಗೆ ಅನಿಸುತ್ತಿತ್ತು. ಮಗಳಿಗೆ ಹೇಳಲು ಬಾಯಿ ಬರುತ್ತಿರಲಿಲ್ಲ.

ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ ಅದು ನಡೆಯಿತು. ಬೆಲ್ಲ ಹಾಕಿದ ರಾಗಿ ಗಂಜಿ ಕುಡಿಸಿ, ಅವಳು ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗಿದ್ದಳು. ಗಂಜಿ ಒಂದಿಷ್ಟು ಅವನ ಕತ್ತಿನಿಂದ ತೋಳಿಗೆ ಇಳಿದಿದ್ದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ವಾಪಸ್ ಬಂದು ನೋಡಿದರೆ ಕೆಂಪಿರುವೆಯ ಸಾಲು ಗೋಡೆಯಿಂದಿಳಿದು, ಮಂಚದ ಕಾಲು ಹತ್ತಿ, ಅವನ ಸ್ವಾಧೀನವಿಲ್ಲದ ತೋಳಿನ ಮೇಲೆ ಹರಿದು ಕತ್ತಿಗೆ ಮುತ್ತಿತ್ತು. ಕೂಗಲು ದನಿಯಿಲ್ಲ. ಎಡಗೈಯಲ್ಲಿ ಒರೆಸಿಕೊಳ್ಳಲು ಹೋಗಿ ಸೋತು, ಅವನು ಹೆಂಚಿನ ಕಡೆ ನೋಡುತ್ತ ಮಲಗಿದ್ದ. ಕಣ್ಣಂಚಿನಿಂದ ನೀರು ಕಿವಿಗಿಳಿಯುತ್ತಿತ್ತು.

"ಅಯ್ಯೋ ನನ್ನಪ್ಪ, ಎಂಥಾ ಕೆಲ್ಸ ಮಾಡ್ಬುಟ್ಟೆ ನಾನು!" ಎಂದು ಅವಳು ಸೆರಗಿನಲ್ಲೇ ಇರುವೆ ಕೊಡವಿದಳು. ಕೊಬ್ಬರಿ ಎಣ್ಣೆ ಹಚ್ಚುತ್ತ ಹಚ್ಚುತ್ತ ಅಳು ತಡೆಯಲಾಗಲಿಲ್ಲ.

ಅಂದಿನಿಂದ ಮಲ್ಲಿಗಮ್ಮ ಹುಳಗಳ ಮೇಲೆ ಯುದ್ಧಕ್ಕೇ ನಿಂತಳು. ಮಂಚದ ಕಾಲುಗಳಿಗೆ ನೀರು ತುಂಬಿದ ತೆಂಗಿನ ಕರಟ ಕೊಟ್ಟಳು. ಗೋಡೆಯ ಬಿರುಕಿಗೆ ಸಿಮೆಂಟು ಮೆತ್ತಿದಳು. ಕಿಟಕಿಗೆ ಸೊಳ್ಳೆ ಪರದೆ ಹೊಡೆಸಿದಳು, ಹೊಸಿಲ ಉದ್ದಕ್ಕೂ ಇರುವೆ ಚಾಕ್‌ಪೀಸಿನ ಗೀಟು ಎಳೆದಳು. ಸಂಜೆಯಾದರೆ ಬೇವಿನ ಸೊಪ್ಪಿನ ಹೊಗೆ. ಹೊಗೆಗೆ ಅವಳೇ ಕೆಮ್ಮುತ್ತಿದ್ದಳು. ಕೂಲಿಗೆ ಹೋಗುವುದನ್ನೂ ಬಿಟ್ಟಳು. ಒಂದು ನೊಣ ಗುಂಯ್‌ಗುಟ್ಟಿದರೂ ಒಲೆಯ ಮುಂದಿನಿಂದ ಟವೆಲ್ಲು ಹಿಡಿದು ಎದ್ದು ಬರುತ್ತಿದ್ದಳು. ಬೋರಪ್ಪ ಸುಮ್ಮನೆ ಮಲಗಿರುತ್ತಿದ್ದ. ಅವನ ನೋಟ ಯಾವಾಗಲೂ ಮೇಲೆಲ್ಲೋ. ಅವಳಿಗೆ ಅದನ್ನು ಗಮನಿಸುವಷ್ಟು ಬಿಡುವಿರಲಿಲ್ಲ.

ಯುಗಾದಿ ಹತ್ತಿರ ಬಂತು. ಪಾತ್ರೆಪಗಡವನ್ನೆಲ್ಲ ಅಂಗಳಕ್ಕೆ ಹೊತ್ತು ಹಾಕಿ, ಉದ್ದನೆಯ ಬಿದಿರ ಗಳುವಿನ ತುದಿಗೆ ಪೊರಕೆ ಕಟ್ಟಿ, ತಲೆಗೆ ಬಟ್ಟೆ ಸುತ್ತಿಕೊಂಡು ಮಲ್ಲಿಗಮ್ಮ ಬಲೆ ಹೊಡೆಯಲು ನಿಂತಳು. ಅಡುಗೆಮನೆ ಆಯಿತು, ದೇವರ ಮೂಲೆ ಆಯಿತು. ಅವನ ಮೈಮೇಲೆ ಧೂಳು ಬೀಳದಂತೆ ಹಳೆಯ ಸೀರೆ ಹೊದಿಸಿ, ಕಿಟಕಿಯ ಮೇಲಿನ ಮೂಲೆಗೆ ಪೊರಕೆ ಎತ್ತಿದಳು.

"ಬ್ಯಾ..."

ಹಿತ್ತಲಲ್ಲಿ ಕರು ಕೂಗಿತೇನೋ ಅಂದುಕೊಂಡಳು. ಪೊರಕೆ ಇನ್ನೂ ಮೇಲಕ್ಕೆ ಹೋಯಿತು.

"ಬ್ಯಾ...ಡ."

ಗಳು ಹಿಡಿದ ಕೈ ಅಲ್ಲೇ ನಿಂತಿತು. ತಿರುಗಿ ನೋಡಿದಳು. ಬೋರಪ್ಪನ ಎಡಗೈ ಸೀರೆಯಿಂದ ಹೊರಗೆ ಬಂದು ಗಾಳಿಯಲ್ಲಿ ಆಡುತ್ತಿತ್ತು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು, ಹಣೆಯಲ್ಲಿ ಬೆವರು ಮೂಡಿತ್ತು.

"ಏನಂದೆ? ಇನ್ನೊಂದ್ಸಲ ಅನ್ನು."

ಅವನು ಅವಳ ಕಡೆ ನೋಡಲಿಲ್ಲ. ಆ ಮೂಲೆಯನ್ನೇ ನೋಡುತ್ತ, ಕಲ್ಲೆತ್ತುವವನ ಹಾಗೆ ಉಸಿರು ಕಟ್ಟಿ ಹೇಳಿದ: "ಜ್ಯಾ...ಡ."

ಮಲ್ಲಿಗಮ್ಮ ಗಳುವನ್ನು ಗೋಡೆಗೆ ಒರಗಿಸಿದಳು. ನಿಂತು ನೋಡಿದರೆ ಆ ಮೂಲೆಯಲ್ಲಿ ಏನೂ ಕಾಣಲಿಲ್ಲ, ಬರೀ ಧೂಳು. ಕೊನೆಗೆ ಮಂಚದ ಅಂಚಿನಲ್ಲಿ ಅವನ ಪಕ್ಕಕ್ಕೆ ಮೆಲ್ಲಗೆ ಒರಗಿ, ತಲೆಯನ್ನು ಅವನ ದಿಂಬಿನ ಮೇಲಿಟ್ಟು ನೋಡಿದಳು. ಆಗ ಕಂಡಿತು. ಗಾಜಿನ ಹೆಂಚಿನಿಂದ ಇಳಿದ ಬಿಸಿಲು ಸರಿಯಾಗಿ ಅಲ್ಲಿಗೇ ಬೀಳುತ್ತಿತ್ತು. ಸುತ್ತು ಸುತ್ತಾಗಿ ನೇಯ್ದ ಬಲೆ, ಒಂದೊಂದು ಎಳೆಯೂ ಮಿರಮಿರ ಮಿನುಗುತ್ತಿತ್ತು. ನಡುವೆ ಉದ್ದ ಕಾಲಿನ ಜೇಡ. ಹರಿದ ಒಂದು ಕಡೆಯನ್ನು ಅದು ಹೋಗಿ ಬಂದು, ಹೋಗಿ ಬಂದು ಕೂಡಿಸುತ್ತಿತ್ತು.

ಎಷ್ಟು ಹೊತ್ತು ಹಾಗೇ ಮಲಗಿದ್ದಳೋ. ಇಷ್ಟು ದಿನವೂ ಅವನಿಗೆ ಹೊತ್ತು ಹೋಗಲು ಇದ್ದದ್ದು ಇದೊಂದೇ ಎಂದು ಅವಳಿಗೆ ಹೊಳೆಯಿತು. ಇರುವೆ ಹತ್ತದಂತೆ ಕಾದಳು, ನೊಣ ಕೂರದಂತೆ ಕಾದಳು, ಆದರೆ ಗೋಡೆಯ ಜೊತೆಗೂ ಮಾತಾಡುತ್ತಿದ್ದ ಮನುಷ್ಯ ಬೆಳಗಿನಿಂದ ಸಂಜೆಯವರೆಗೆ ಏನು ನೋಡಿಕೊಂಡು ಮಲಗಿರುತ್ತಾನೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

"ಊರೋರ ಮನೆ ಬಲೆಯೆಲ್ಲ ಹೊಡೆದೋನು ನೀನು. ಈಗ ಇದ್ಕೆ ಕಾವ್ಲಾ?" ಎಂದಳು, ಮೂಗು ಒರೆಸಿಕೊಳ್ಳುತ್ತ.

ಬೋರಪ್ಪ ನಕ್ಕ. ಅರ್ಧ ಮುಖದ ನಗು. ಅವಳಿಗೆ ಅಷ್ಟೇ ಸಾಕಾಯಿತು.

ಹಬ್ಬದ ಹಿಂದಿನ ದಿನ ಭಾನುಪ್ರಿಯಾ ಬಂದಳು. ಬಂದವಳ ಕಣ್ಣು ಮೊದಲು ಹೋದದ್ದೇ ಅಲ್ಲಿಗೆ. "ಅವ್ವ, ಮನೆಯೆಲ್ಲ ಫಳಫಳ ಅನ್ನಿಸಿ ಇದೊಂದ್ ಮೂಲೆ ಯಾಕ್ ಬಿಟ್ಟಿದ್ದೀಯ? ಎಲ್ಲಿ ಪೊರಕೆ?"

"ತಗೊಂಡೋಗಿ ಹೊಡಿ, ನೋಡಾನ" ಎಂದಳು ಮಲ್ಲಿಗಮ್ಮ, ಬೇಳೆ ಆರಿಸುತ್ತ.

ಮಗಳು ಪೊರಕೆ ಎತ್ತಿದಳು. ಮಂಚದಿಂದ "ಬ್ಯಾಡ" ಬಂತು. ಈ ಸಲ ಅಷ್ಟು ತಡವರಿಸಲಿಲ್ಲ. ಭಾನುಪ್ರಿಯಾ ಪೊರಕೆಯನ್ನು ಹಾಗೇ ಕೆಳಗೆ ಬಿಟ್ಟು, ಅಪ್ಪನ ಎದೆಗೆ ಮುಖ ಒತ್ತಿದಳು. ಅವ್ವ ಜೇಡದ ವಿಷಯ ಹೇಳಿದ ಮೇಲೆ, ತಾನು ಕಲಿಸಿದ ಒಂದು ಮಾತನ್ನೂ ಆಡದೆ ಜೇಡಕ್ಕೋಸ್ಕರ ಬಾಯಿ ಬಿಟ್ಟನಲ್ಲ ಎಂದು ಜಗಳ ತೆಗೆದಳು. ಬೋರಪ್ಪ ಕಣ್ಣು ಮುಚ್ಚಿಕೊಳ್ಳದೆ ಬೈಸಿಕೊಂಡ.

ಹಬ್ಬ ಮುಗಿದ ಮೇಲೆ ಮಲ್ಲಿಗಮ್ಮ ಪಕ್ಕದ ಮನೆಯವರನ್ನು ಕರೆದು, ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಮಂಚವನ್ನು ಜಗುಲಿಗೆ ಹಾಕಿಸತೊಡಗಿದಳು. ಅಲ್ಲಿ ಇರುವೆಯೂ ಇತ್ತು, ನೊಣವೂ ಇತ್ತು. ಇರಲಿ ಎಂದುಕೊಂಡಳು. ದಾರಿಯಲ್ಲಿ ಹಸು, ಬೈಕು, ಜಗಳ, ಮದುವೆ ಕರೆಯಲು ಹೊರಟವರು, ಎಲ್ಲವೂ ಅವನ ಕಣ್ಣ ಮುಂದೆ ಹಾಯುತ್ತಿದ್ದವು. ಅವಳೂ ಪಕ್ಕದಲ್ಲಿ ಕೂತು, ಯಾರು ಎಲ್ಲಿಗೆ ಹೊರಟರು, ಯಾರ ಮನೆಗೆ ಯಾವ ಬಣ್ಣ ಹೊಡೆಸಿದರು ಎಂದು ಒಂದೊಂದೂ ಹೇಳುತ್ತಿದ್ದಳು. ಬಣ್ಣ ಅವನಿಗೆ ಹಿಡಿಸದಿದ್ದರೆ ಮುಖ ಸಿಂಡರಿಸುತ್ತಿದ್ದ.

ಮುಂಗಾರಿಗೆ ಮೊದಲೇ ಜೇಡ ಎಲ್ಲಿಗೋ ಹೋಯಿತು. ಬಲೆ ಜೋಲು ಬಿದ್ದು ಧೂಳು ಹಿಡಿಯಿತು. ಅವಳು ಅದನ್ನು ಮುಟ್ಟಲಿಲ್ಲ. ಒಂದು ಬೆಳಿಗ್ಗೆ ಅವನೇ ಆ ಕಡೆ ಗದ್ದ ತೋರಿಸಿ, "ಗುಡ್ಸು" ಎಂದ. ಗುಡಿಸಿದಳು.

ಅದೇ ಸಂಜೆ ಸಿದ್ದೇಶ್ವರ, ಬೋರಪ್ಪನ ಜೊತೆ ಏಣಿ ಹೊತ್ತ ಗೆಳೆಯ, ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿ, ಎಂದಿನಂತೆ ಉತ್ತರಕ್ಕೆ ಕಾಯದೆ, "ಎಂಗಿದ್ದೀಯ ಬೋರಣ್ಣ? ಉಷಾರಾ?" ಎಂದು ಹೊರಡಲು ಗಾಡಿ ತಿರುಗಿಸಿದ.

"ಕಾ...ಪಿ ಕುಡ್ಕೊಂಡ್... ವೋಗು" ಎಂದ ಬೋರಪ್ಪ.

ಒಳಗೆ ಮುದ್ದೆ ತಿರುವುತ್ತಿದ್ದ ಮಲ್ಲಿಗಮ್ಮನಿಗೆ ಅದು ಕೇಳಿಸಿತು. ಹೊರಗೆ ಸಿದ್ದೇಶ್ವರನ ಸ್ಕೂಟರ್ ಆಫ್ ಆಯಿತು. ಅವಳು ಮುದ್ದೆಯ ಪಾತ್ರೆ ಕೆಳಗಿಳಿಸಿ, ಒಲೆಯ ಮೇಲೆ ಕಾಪಿಗೆ ನೀರಿಟ್ಟಳು.