ಅಮ್ಮನ ಮಂಡಿಗೆ ಹತ್ತಕ್ಕೆ ಎಂಟು

ನಮ್ಮಮ್ಮ ವಿಜಯನಗರದ ಶಾಲೆಯೊಂದರಲ್ಲಿ ಕನ್ನಡ ಟೀಚರ್ ಆಗಿದ್ದು, ರಾಶಿ ರಾಶಿ ಉತ್ತರಪತ್ರಿಕೆ ತಿದ್ದಿ ನಿವೃತ್ತಳಾದವಳು. ಹೋದ ವರ್ಷ ಅವಳಿಗೆ ಮಂಡಿನೋವು ಶುರುವಾಯಿತು. ಅತ್ತಿಗುಪ್ಪೆಯ ಮೂಳೆ ಡಾಕ್ಟರು ನಾವು ಹೋದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು: "ನೋವು ಹತ್ತಕ್ಕೆ ಎಷ್ಟಿದೆ ಅಮ್ಮ?"

ಅಮ್ಮ ಮೊದಲ ಸಲ ಮೂರು ಅಂದಳು. ಮಾತ್ರೆ, ವ್ಯಾಯಾಮ ಎಲ್ಲ ಮಾಡಿದ ಮೇಲೆ ಐದು. ಆಮೇಲೆ ಎಂಟು! ಡಾಕ್ಟರು ಪೆನ್ನು ಕೆಳಗಿಟ್ಟರು. "ಇಷ್ಟು ಬೇಗ ಏರ್ತಿದೆ ಅಂದ್ರೆ ಆಪರೇಷನ್ ಮಾಡಿಸೋದೇ ಒಳ್ಳೇದು."

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ನನಗೆ ತಲೆಬುಡ ಅರ್ಥವಾಗಲಿಲ್ಲ. ಅಂದು ಬೆಳಿಗ್ಗೆ ತಾನೇ ಇವಳು ಗೇಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ರಂಗೋಲಿ ಹಾಕಿದ್ದಳಲ್ಲ!

"ಅಮ್ಮ, ನಂಬರ್ ಬಿಡು. ನೋವು ಹೇಗಿದೆ ಹೇಳು," ಎಂದೆ, ಸ್ವಲ್ಪ ರೇಗಿಯೇ.

ಅದಕ್ಕೇ ಕಾದಿದ್ದವಳಂತೆ ಶುರುಮಾಡಿದಳು. "ಮೊದ್ಲು ಚಳಕ್ ಚಳಕ್ ಅಂತ ಚುಚ್ತಿತ್ತು. ಆಮೇಲೆ ಬರೀ ಸೆಳೆತ. ಈಗ ಅದೂ ಇಲ್ಲ, ಕೂತು ಎದ್ರೆ ಒಂಥರಾ ಹಿಡ್ಕೊಂಡ ಹಾಗಾಗುತ್ತೆ. ನಾಲ್ಕು ಹೆಜ್ಜೆ ಹಾಕಿದ್ರೆ ಬಿಟ್ಟೋಗುತ್ತೆ."

"ಮತ್ತೆ ಎಂಟು ಅಂದ್ರಲ್ಲಮ್ಮ?" ಡಾಕ್ಟರು ಕಣ್ಣು ಕಣ್ಣು ಬಿಟ್ಟರು.

"ಚೆನ್ನಾಗಿ ವಾಸಿಯಾಗಿದೆ ಅಂತ್ಲೇ ಎಂಟು ಕೊಟ್ಟಿದ್ದು ಸಾರ್! ಪೂರ್ತಿ ಹತ್ತು ನಾನು ಯಾವತ್ತೂ ಯಾರಿಗೂ ಕೊಟ್ಟೋಳಲ್ಲ."

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನಂತೂ ಖುಷಿಗೆ ಕುರ್ಚಿಯಿಂದ ಎದ್ದೇಬಿಟ್ಟಿದ್ದೆ. ಇಷ್ಟು ದಿನ ನಾವೆಲ್ಲ ಅಂಕಿಯೊಂದನ್ನು ಕೇಳಿಕೊಂಡು ಎದ್ದು ಬರುತ್ತಿದ್ದೆವು. ಆ ಮಂಡಿಯ ಕಥೆಯನ್ನು ಯಾರೂ ಕೇಳಿರಲೇ ಇಲ್ಲ. ಅಮ್ಮನ ಬಾಯಲ್ಲಿ ನೋವಿಗೆ ಎಷ್ಟೊಂದು ಬಗೆ! ಡಾಕ್ಟರು ಮತ್ತೊಮ್ಮೆ ಮಂಡಿ ಮಡಚಿಸಿ, ನಡೆಸಿ ನೋಡಿ, ಆಪರೇಷನ್ ಬೇಡವೇ ಬೇಡ, ವ್ಯಾಯಾಮ ಮುಂದುವರಿಸಿದರೆ ಸಾಕು ಎಂದರು.

ಹೊರಗೆ ಬಂದವಳೇ ಫುಟ್‌ಪಾತಿನಲ್ಲೇ ಅಮ್ಮನನ್ನು ತಬ್ಬಿಕೊಂಡೆ. ಮೆಟ್ರೋ ಕಡೆ ಓಡುತ್ತಿದ್ದವರೆಲ್ಲ ತಿರುಗಿ ನೋಡಿದರು.

"ಬಿಡೇ, ಜನ ನೋಡ್ತಾರೆ," ಎಂದು ನಕ್ಕಳು. ಸ್ವಲ್ಪ ದೂರ ನಡೆದ ಮೇಲೆ ಮೆಲ್ಲಗೆ, "ಆಪರೇಷನ್ ಅಂದಾಗ ಭಯ ಆಯ್ತು ಕಣೇ," ಎಂದಳು.

ತುಂಬಾನಾ ಎಂದು ಕೇಳಲು ಹೊರಟವಳು ತಡೆದುಕೊಂಡು, "ಹೇಗಾಯ್ತಮ್ಮ?" ಎಂದೆ.

"ಹೆರಿಗೆಗೆ ಅಂತ ನಿನ್ನ ಒಳಗೆ ಕರ್ಕೊಂಡು ಹೋಗಿ ಬಾಗಿಲು ಹಾಕಿದ್ರಲ್ಲ, ಆಗ ಹೊರಗೆ ಒಬ್ಳೇ ಕೂತಿದ್ನಲ್ಲ, ಹಾಗೆ."