ಹಪ್ಪಳದ ಚಾಪೆಯ ಮೇಲಿನ ಬ್ಯಾಟರಿ

ಕುಮಟೆಯಲ್ಲಿ ನಮ್ಮ ಪಕ್ಕದ ಮನೆಯ ಅಕ್ಕನ ಹತ್ತಿರ ಯಾವುದು ಕೆಟ್ಟರೂ ಮದ್ದು ಒಂದೇ: "ಒಂದು ಬಿಸಿಲು ತೋರ್ಸು, ಸರಿ ಆಗ್ತದೆ." ಟಾರ್ಚಿಗೆ ಹಾಕುವ, ಚಾರ್ಜ್ ಮಾಡಿ ಬಳಸುವ ನಿಕಲ್ ಸೆಲ್‌ಗಳು ಹಪ್ಪಳದ ಚಾಪೆಯ ಮೇಲೆ ಹೊರಳಾಡುತ್ತ ಈ ಚಿಕಿತ್ಸೆಯನ್ನು ವರ್ಷಗಟ್ಟಲೆ ಸಹಿಸಿಕೊಂಡಿದ್ದವು. ಒಂದು ಮಧ್ಯಾಹ್ನ ಅವಳ ಹಳೆಯ ಮೊಬೈಲಿನ ಬ್ಯಾಟರಿಯೂ ಅಲ್ಲಿಗೆ ಬಂತು. ನಾನು ನೋಡುವಷ್ಟರಲ್ಲಿ ಅದು ಹೊಟ್ಟೆ ಉಬ್ಬಿಸಿಕೊಂಡಿತ್ತು.

"ನೋಡಿದ್ಯಾ? ಚಾರ್ಜು ತುಂಬ್ತು!" ಎಂದು ಅಕ್ಕ ಹಿಗ್ಗಿದಳು.

ನಾನು ಅದನ್ನು ಇಕ್ಕಳದಲ್ಲಿ ಹಿಡಿದು ಅಂಗಳದಾಚೆಯ ಮರಳಿಗೆ ಹಾಕಿ ಬಂದೆ. "ಅಕ್ಕಾ, ಇದು ನಿಕಲ್ ಅಲ್ಲ, ಲಿಥಿಯಂ. ಬಿಸಿಲಿಗೆ ಇಟ್ರೆ ಬೆಂಕಿ ಹತ್ಕೊಳ್ತದೆ!"

ಅವಳು ಗಂಭೀರವಾಗಿ ತಲೆದೂಗಿದಳು. "ಆತು ಮಾರಾಯಾ, ತಿಳೀತು."

ಮರುದಿನ ಅವಳ ಹೊಸ ಬ್ಯಾಟರಿ ಜಗಲಿಯ ಮೂಲೆಯಲ್ಲಿ, ಒಣಗಲು ಹರವಿದ ಒಂದೆಲಗದ ಸೊಪ್ಪಿನ ಪಕ್ಕ ಮಲಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಸಮಾಧಾನ ಹೇಳಿದಳು:

"ಹೆದರ್ಬೇಡ, ಇದನ್ನ ನೆರಳಲ್ಲೇ ಒಣಗ್ಸಿದ್ದೇನೆ."